ಜಾಂಬಿ ಕಾಮಿಕ್ಸಿನ ಮೊದಲ ಸಂಚಿಕೆಯಲ್ಲಿ ರೋಗ ಹುಟ್ಟಿದ ಕಥೆ ಎಷ್ಟು ಹೇಳಬೇಕು?

ಪುಣೆಯಲ್ಲಿ ಕೂತು ಕನ್ನಡದಲ್ಲಿ ಜಾಂಬಿ ಕಾಮಿಕ್ಸ್ ಮಾಡುತ್ತಿದ್ದೀರಿ. ಮೊದಲ ಸಂಚಿಕೆಯಲ್ಲಿ ವೈರಸ್ಸಿನ ಕಥೆ ಪೂರ್ತಿ ಹೇಳಲೋ, ಅರ್ಧ ಹೇಳಲೋ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನು ಎಂಟು ತಿಂಗಳು ಕಳೆದೆ. ಆಮೇಲೆ 21 ಸಾವಿರ ರೂಪಾಯಿಯನ್ನೂ ಕಳೆದೆ.

ನಾನು ಬೆಳೆದದ್ದು ಮುಂಬಯಿಯ ಮಾಟುಂಗಾದಲ್ಲಿ. ನನ್ನ ಕಥೆ ಅಲ್ಲಿನ ಒಂದು ಉಡುಪಿ ಹೋಟೆಲಿನದು. ಬೆಳಿಗ್ಗೆ ಐದೂವರೆ. ಮಾಣಿ ಶಟರ್ ಎತ್ತುತ್ತಾನೆ. ದಿನಾ ಮೊದಲ ಕಾಫಿಗೆ ಬರುವ ಅಜ್ಜ ಬಂದು ತನ್ನ ಜಾಗದಲ್ಲಿ ಕೂರುತ್ತಾರೆ. ಮಾಣಿ ಕಾಫಿ ಇಡುತ್ತಾನೆ. ಅಜ್ಜ ಕುಡಿಯುವುದಿಲ್ಲ. ಕಾಫಿ ಮೇಲೆ ಕೆನೆ ಕಟ್ಟುತ್ತದೆ. ಬಟ್ಟಲಿನ ಅಂಚಿಗೆ ಒಂದು ನೊಣ ಬಂದು ಕೂರುತ್ತದೆ. ಪುಟ ತಿರುವಿದರೆ ಅಜ್ಜನ ಮುಖ. ಇಷ್ಟೇ ಇದ್ದದ್ದು. ಈಗಲೂ ಹೇಳುತ್ತೇನೆ, ಒಳ್ಳೆಯ ದೃಶ್ಯ ಅದು.

ಆದರೆ ಅದು ಶುರುವಾದದ್ದು 12ನೇ ಪುಟದಲ್ಲಿ.

ಮೊದಲ 11 ಪುಟ ಏನಿತ್ತು ಅಂತೀರಾ? ಪ್ಲೇಗು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಮಾಂಡ್ವಿಯಲ್ಲಿ ಡಾ. ಅಕೇಸಿಯೊ ವೀಗಸ್ ಅನ್ನುವವರು ಮೊದಲು ಗುರುತು ಹಿಡಿದರು. ಹಾಫ್‌ಕಿನ್ ಅನ್ನುವ ವಿಜ್ಞಾನಿ ಇಲ್ಲಿನ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪ್ಲೇಗಿಗೆ ಲಸಿಕೆ ಮಾಡಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡರು. 1898ರಲ್ಲಿ ಸರ್ಕಾರ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. ಗಾಳಿ ಬೆಳಕಿಲ್ಲದ ಹಳೇ ಕೇರಿಗಳನ್ನು ಒಡೆದು ರಸ್ತೆ ಮಾಡಿದರು, ಉತ್ತರಕ್ಕೆ ದಾದರ್, ಮಾಟುಂಗಾ ಕಡೆ ಹೊಸ ಬಡಾವಣೆ ಎಬ್ಬಿಸಿದರು. ಆಮೇಲೆ ಅಲ್ಲಿಗೆ ನಮ್ಮ ದಕ್ಷಿಣದ ಜನ ಬಂದರು, ಹೋಟೆಲುಗಳು ಬಂದವು. ಅಂದರೆ ಪ್ಲೇಗ್ ಬರದಿದ್ದರೆ ನಮ್ಮ ಮಾಟುಂಗಾನೇ ಹೀಗಿರುತ್ತಿರಲಿಲ್ಲ! ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. ನನ್ನ ಕಥೆಯ ರೋಗ ಮಾಂಡ್ವಿಯ ಹಳೇ ಗೋದಾಮಿನ ನೆಲ ಅಗೆದಾಗ ಎದ್ದು ಬರುತ್ತದೆ ಅಂತ ಹೆಣೆದೆ. ಇಷ್ಟು ಚೆಂದದ ಕಾರಣ ಸಿಕ್ಕಮೇಲೆ ಯಾರು ಬಿಡುತ್ತಾರೆ, ಅಲ್ವಾ?

ಬಿಡಬೇಕಿತ್ತು. ಅದೂ ಹೋಗಲಿ. ಹತ್ತು ಪುಟಕ್ಕಾದರೂ ನಿಲ್ಲಿಸಬೇಕಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ.

ಮೊದಲು ಪ್ಲೇಗಿಗೆ ಹತ್ತೇ ಪುಟ ಇತ್ತು. ಹೋಟೆಲು 11ರಿಂದ ಶುರು. ಕಾಫಿ 15ರಲ್ಲಿ, ಮುಖ 16ರಲ್ಲಿ. ಕನ್ನಡ ಪುಸ್ತಕದಲ್ಲಿ ಬೆಸ ಸಂಖ್ಯೆಯ ಪುಟ ಯಾವಾಗಲೂ ಬಲಗಡೆ ಬರುತ್ತದೆ. ಹಾಗಾಗಿ 15 ನೋಡಿ, ಹಾಳೆ ತಿರುವಿದ ಮೇಲೆಯೇ 16 ಕಾಣುವುದು. ಹೆದರಿಕೆ ಇರುವುದು ಆ ತಿರುವುವ ಬೆರಳಿನಲ್ಲಿ. ಚಿತ್ರ ಬರೆದ ಗೆಳೆಯ ಡೊಂಬಿವಲಿಯ ಮರಾಠಿ ಹುಡುಗ. ಕನ್ನಡ ಓದಲು ಬರದಿದ್ದರೂ ಇದನ್ನು ನನಗಿಂತ ಮೊದಲು ಲೆಕ್ಕ ಹಾಕಿ ಇಟ್ಟಿದ್ದ.

ಪ್ರೆಸ್ಸಿಗೆ ಕೊಡಲು ನಾಲ್ಕು ದಿನ ಇರುವಾಗ ನನಗೆ ಹಾಫ್‌ಕಿನ್ ಬಗ್ಗೆ ಹೇಳಿದ್ದು ಸಾಲದು ಅನಿಸಿತು. ಒಂದು ಪುಟ ಜಾಸ್ತಿ ಸೇರಿಸಿದೆ. ಒಂದೇ ಪುಟ! ಕಾಫಿ 16ಕ್ಕೆ ಜಾರಿತು, ಮುಖ 17ಕ್ಕೆ. ಈಗ ಎರಡೂ ಅಕ್ಕಪಕ್ಕ. ಓದುವವನ ಕಣ್ಣು ಕಾಫಿಗೆ ಹೋಗುವ ಮೊದಲೇ ಆ ದೊಡ್ಡ ಮುಖಕ್ಕೆ ಹೋಗುತ್ತದೆ. ಆಮೇಲೆ ನೊಣ ತೋರಿಸಿ ಏನು ಪ್ರಯೋಜನ?

ಅಲ್ಲಿಗೆ ಮುಗಿಯಲಿಲ್ಲ. ನಡುವೆ ಪಿನ್ ಹೊಡೆಯುವ ಪುಸ್ತಕದಲ್ಲಿ ಒಂದು ಹಾಳೆ ಮಡಚಿದರೆ ನಾಲ್ಕು ಪುಟ. 24 ಆಗುತ್ತದೆ, 28 ಆಗುತ್ತದೆ, 25 ಅನ್ನುವ ಪುಸ್ತಕ ಆಗುವುದೇ ಇಲ್ಲ. 28ಕ್ಕೆ ನನ್ನ ಹತ್ತಿರ ದುಡ್ಡಿರಲಿಲ್ಲ. ಒಂದು ಪುಟ ತೆಗೆಯಬೇಕಾಯಿತು. ಕೊನೆಯ ಪುಟ ತೆಗೆದೆ. ಅದರಲ್ಲಿ ಮಾತೇ ಇರಲಿಲ್ಲ, ಬರೀ ಚಿತ್ರ. ಮರುದಿನ ಬೆಳಿಗ್ಗೆ ಐದೂವರೆ, ಅರ್ಧ ಎತ್ತಿದ ಶಟರ್, ಅದರ ಕೆಳಗೆ ಹೊರಗಡೆ ನಿಂತ ಅಜ್ಜನ ಚಪ್ಪಲಿ. ಮಾತಿಲ್ಲದ ಪುಟ ಹೋದರೆ ನಷ್ಟ ಏನು ಅಂದುಕೊಂಡೆ. ಗೆಳೆಯ ಎರಡು ದಿನ ಫೋನ್ ಎತ್ತಲಿಲ್ಲ.

500 ಪ್ರತಿ ಹಾಕಿಸಿದೆ. ಒಂದು ಕನ್ನಡ ಕಾರ್ಯಕ್ರಮದಲ್ಲಿ ಮೇಜು ಹಾಕಿಕೊಂಡು ಕೂತೆ. ನಾನು ಕಥೆಗೆ ಮಾದರಿ ಮಾಡಿಕೊಂಡಿದ್ದ ಹೋಟೆಲಿನ ಶೆಟ್ರಿಗೂ ಒಂದು ಕೊಟ್ಟೆ. ಗಲ್ಲಾದಲ್ಲಿ ಕೂತೇ ನಾಲ್ಕು ಪುಟ ನೋಡಿದರು. "ಇದು ಎಂಥದು ಮಾರಾಯ್ರೆ, ಪಾಠ ಪುಸ್ತಕವಾ?" ಅಂದರು. ಬಿಲ್ಲುಗಳ ಮೇಲೆ ಇಟ್ಟರು, ಫ್ಯಾನಿನ ಗಾಳಿಗೆ ಹಾರಬಾರದು ಅಂತ.

ಈಗ ನಿಮ್ಮ ಪ್ರಶ್ನೆಗೆ. ಪೂರ್ತಿಯೋ ಅರ್ಧವೋ ಅನ್ನುವುದು ಪ್ರಶ್ನೆಯೇ ಅಲ್ಲ. ಮೊದಲ ಸಂಚಿಕೆಯಲ್ಲಿ ಕಾರಣ ಬೇಡವೇ ಬೇಡ. 'ದಿ ವಾಕಿಂಗ್ ಡೆಡ್' ಕಾಮಿಕ್ಸಿನ ಮೊದಲ ಸಂಚಿಕೆ ಬಂದದ್ದು 2003ರ ಅಕ್ಟೋಬರಿನಲ್ಲಿ, ಕಪ್ಪು ಬಿಳುಪಿನಲ್ಲಿ. ಮೊದಲ ಪುಟದಲ್ಲಿ ಪೊಲೀಸಿನವನಿಗೆ ಗುಂಡು ಬೀಳುತ್ತದೆ. ತಿರುವಿದರೆ ಆಸ್ಪತ್ರೆಯಲ್ಲಿ ಎಚ್ಚರವಾಗುತ್ತಾನೆ, ಸುತ್ತ ಯಾರೂ ಇಲ್ಲ. ನಡುವೆ ಏನಾಯಿತು? ಹೇಳುವುದಿಲ್ಲ. 2019ರಲ್ಲಿ 193ನೇ ಸಂಚಿಕೆಗೆ ಮುಗಿಯಿತು, ಅಲ್ಲಿವರೆಗೂ ರೋಗ ಎಲ್ಲಿಂದ ಬಂತು ಅಂತ ಹೇಳಲೇ ಇಲ್ಲ. ತಮಾಷೆ ಏನೆಂದರೆ, ಬರೆದ ರಾಬರ್ಟ್ ಕರ್ಕ್‌ಮನ್ ಪ್ರಕಾಶಕರನ್ನು ಒಪ್ಪಿಸಲು ಇದೆಲ್ಲ ಬೇರೆ ಗ್ರಹದವರ ಕೆಲಸ ಅಂತ ಸುಳ್ಳು ಹೇಳಿದ್ದರಂತೆ. ಕಾರಣ ಬೇಕಾಗಿದ್ದು ಪ್ರಕಾಶಕರಿಗೆ, ಓದುವವರಿಗಲ್ಲ. ನಿಮಗೆ ಬೇಕಿದ್ದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಪ್ಲೇಗ್ ಅಲ್ಲೇ ಇರಬೇಕಿತ್ತು.

ಪ್ರಿಂಟಾ ಆನ್‌ಲೈನಾ ಅಂತಲೂ ಕೇಳಿದ್ದೀರಿ. ಮೊದಲು ಆನ್‌ಲೈನ್ ಹಾಕಿ, ಅದರಲ್ಲಿ ಯೋಚಿಸುವಂಥದ್ದು ಏನಿಲ್ಲ. ಅದಕ್ಕಿಂತ ಮಾತಿನ ಗುಳ್ಳೆಗಳ ಬಗ್ಗೆ ಯೋಚಿಸಿ. ನನ್ನ ಗೆಳೆಯ ಮರಾಠಿ ಅಳತೆಗೆ ಗುಳ್ಳೆ ಬರೆದಿದ್ದ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದಲ್ಲ, ಅದು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಗುದ್ದುತ್ತಿತ್ತು. ಚಿತ್ರ ಬರೆಯುವ ಮೊದಲೇ ಮಾತು ಕೂರಿಸಿ ನೋಡಿ. ಮತ್ತೆ ದಯವಿಟ್ಟು ಯಾರ ಬಾಯಲ್ಲೂ 'ಜಾಂಬಿ' ಅನಿಸಬೇಡಿ. 'ಜೀವಂತ ಶವ' ಅಂತೂ ಬೇಡವೇ ಬೇಡ. ನಮ್ಮ ಮಾಣಿ ಏನು ಹೇಳುತ್ತಾನೆ? "ಅಣ್ಣಾ, ಇವ್ರು ಇವತ್ತು ಸರಿ ಇಲ್ಲ." ಸಾಕು.

61 ಪ್ರತಿ ಮಾರಾಟವಾಯಿತು. ಅರ್ಧ ನಮ್ಮ ನೆಂಟರೇ.

ಕೆಲವು ವಾರ ಆದಮೇಲೆ ಅದೇ ಹೋಟೆಲಿಗೆ ಹೋಗಿದ್ದೆ. ಶೆಟ್ರ ಮಗ, ಆರನೇ ಕ್ಲಾಸಿನ ಹುಡುಗ, ಗಲ್ಲಾ ಪಕ್ಕ ಕೂತು ಬಿಲ್ಲಿನ ಮೇಲಿದ್ದ ಆ ಪುಸ್ತಕ ಎತ್ತಿಕೊಂಡ. ಪಿನ್ ಹೊಡೆದ ಪುಸ್ತಕ ಕೈಬಿಟ್ಟರೆ ನಡುವಿಗೇ ತೆರೆದುಕೊಳ್ಳುತ್ತದೆ. 24 ಪುಟದ ನಡು ಅಂದರೆ 12 ಮತ್ತು 13. ಶಟರ್ ಎತ್ತುವ ಪುಟ. ಪ್ಲೇಗ್ ಬಂದದ್ದೇ ಅವನಿಗೆ ಗೊತ್ತಿಲ್ಲ. ಅಲ್ಲಿಂದ ಓದಿದ. 17ರ ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡು 16 ಓದಿದ, ಆಮೇಲೆ ಕೈ ಮೆಲ್ಲಗೆ ತೆಗೆದ. ನನ್ನ ಇಡ್ಲಿ ತಣ್ಣಗಾಯಿತು. ಕೊನೆಗೆ ಹಿಂದಿನ ರಟ್ಟು ತಿರುಗಿಸಿ ನೋಡಿ ಕೇಳಿದ, "ಅಂಕಲ್, ಆ ಅಜ್ಜ ಮರುದಿನವೂ ಬರ್ತಾರಾ?"

ಚಪ್ಪಲಿ ಚಿತ್ರದ ಮೂಲ ಪ್ರತಿ ಈಗ ಆ ಹುಡುಗನ ಹತ್ತಿರ ಇದೆ. ಉಳಿದ ಪುಸ್ತಕಗಳು ನಮ್ಮ ಮಂಚದ ಕೆಳಗಿವೆ. ನಿಮಗೆ ಬೇಕಿದ್ದರೆ ಹೇಳಿ, ಒಂದು ಕಳಿಸುತ್ತೇನೆ. 12ನೇ ಪುಟದಿಂದ ಓದಿ.