ಕಸದ ಲಾರಿ ಇನ್ನೆಷ್ಟು ದೂರ ಹೋಗಬೇಕು?

ಓದುಗರ ಪತ್ರ: ಬಾಗಲೂರು ರಸ್ತೆಯ ಹೊಸ ವಸತಿ ಸಮುಚ್ಚಯದಲ್ಲಿ ಸಾಲ ಮಾಡಿ ಮನೆ ಕೊಂಡಿದ್ದೇವೆ. ಸಂಜೆಯಾದರೆ ನಗರದ ಕಸ ಸುರಿಯುವ ಮಿಟ್ಟಗಾನಹಳ್ಳಿ ಕ್ವಾರಿಯ ಕಡೆಯಿಂದ ಬರುವ ದುರ್ನಾತಕ್ಕೆ ಕಿಟಕಿ ತೆರೆಯುವಂತಿಲ್ಲ. ಈ ಕಸವನ್ನು ಜನವಸತಿಯಿಲ್ಲದ ದೂರದ ಜಾಗಕ್ಕೆ ಸಾಗಿಸಬೇಕೆಂದು ನಿಮ್ಮ ಪತ್ರಿಕೆ ಏಕೆ ಒತ್ತಾಯಿಸುವುದಿಲ್ಲ?

ಸಂಪಾದಕರ ಉತ್ತರ: ತಿಂಗಳು ತಿಂಗಳು ಕಂತು ಕಟ್ಟುವವರು ಶುದ್ಧ ಗಾಳಿ ಬೇಕೆಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ; ನಿಮ್ಮ ತೊಂದರೆ ನಿಜವಾದದ್ದು. ಆದರೆ ನೀವು ಬಯಸುವ ಪರಿಹಾರವನ್ನು ನಾವು ಬೆಂಬಲಿಸಲಾರೆವು. ನೀವು ಹೇಳುವ ಜನವಸತಿಯಿಲ್ಲದ ಜಾಗ ಬೆಂಗಳೂರಿನ ಸುತ್ತಮುತ್ತ ಎಲ್ಲಿದೆ? ನಕ್ಷೆಯಲ್ಲಿ ಖಾಲಿ ಕಾಣುವ ಕಡೆಯೂ ಯಾರದೋ ರಾಗಿ ಹೊಲವಿರುತ್ತದೆ, ಕೊಳವೆಬಾವಿಯಿರುತ್ತದೆ, ದನ ಕುರಿ ಮೇಯುವ ಗೋಮಾಳವಿರುತ್ತದೆ.

ಮಾವಳ್ಳಿಪುರವನ್ನೂ ಒಂದು ಕಾಲದಲ್ಲಿ ಹೀಗೆಯೇ ದೂರದ ಜಾಗವೆಂದು ತಿಳಿಯಲಾಗಿತ್ತು. ಅಲ್ಲಿನ ಜನ ವರ್ಷಗಟ್ಟಲೆ ಪ್ರತಿಭಟಿಸಿದ ಮೇಲೆ 2012ರಲ್ಲಿ ಕಸ ಸುರಿಯುವುದು ನಿಂತಿತು, ನಗರದ ಬೀದಿಗಳಲ್ಲಿ ರಾಶಿ ಬಿದ್ದಿತು, ಲಾರಿಗಳು ಮಂಡೂರಿನ ಹಾದಿ ಹಿಡಿದವು. 2014ರಲ್ಲಿ ಮಂಡೂರಿನವರೂ ಬೀದಿಗಿಳಿದರು. ಆ ವರ್ಷದ ಕೊನೆಗೆ ಅಲ್ಲಿಯೂ ಕಸ ನಿಂತಿತು. ಆದರೆ ನಗರದಲ್ಲಿ ಹುಟ್ಟುವ ಕಸ ಕಡಿಮೆಯಾಗಿರಲಿಲ್ಲವಾದ್ದರಿಂದ ಅದು ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಹಳೆಯ ಕಲ್ಲು ಕ್ವಾರಿಗಳಿಗೆ ಬಂದಿತು. ಈಗ ನಿಮ್ಮ ಕಿಟಕಿಯವರೆಗೆ ಬಂದಿರುವ ವಾಸನೆಯನ್ನು ಆ ಊರುಗಳವರು ನಿಮ್ಮ ಸಮುಚ್ಚಯಕ್ಕೆ ಅಡಿಪಾಯ ತೋಡುವ ಮೊದಲಿನಿಂದಲೂ ಉಸಿರಾಡುತ್ತಿದ್ದಾರೆ. ಅವರಿಗೆ ಮುಚ್ಚಿಕೊಳ್ಳಲು ಗಾಜಿನ ಕಿಟಕಿಯೂ ಇಲ್ಲ, ಮಾರಿ ಹೋಗೋಣವೆಂದರೆ ಕಸದ ಪಕ್ಕದ ಹೊಲಕ್ಕೆ ಬೆಲೆಯೂ ಇಲ್ಲ. ಮಂಗಳೂರಿನ ಪಚ್ಚನಾಡಿಯನ್ನೂ ನೆನಪಿಗೆ ತಂದುಕೊಳ್ಳಿ: 2019ರ ಆಗಸ್ಟ್ ಮಳೆಯಲ್ಲಿ ಅಲ್ಲಿನ ಕಸದ ಗುಡ್ಡ ಜರಿದು ಪಕ್ಕದ ಮಂದಾರವೆಂಬ ಊರಿನ ಮನೆಗಳನ್ನೂ ತೋಟಗಳನ್ನೂ ಮುಚ್ಚಿಹಾಕಿತು. ತಲೆಮಾರುಗಳಿಂದ ಬೆಳೆಸಿದ ತೆಂಗು, ಅಡಿಕೆ ಕಸದಡಿ ಹೋದವು. ಆ ಕಸದಲ್ಲಿ ಆ ಕುಟುಂಬಗಳ ಪಾಲು ಎಷ್ಟಿದ್ದೀತು?

ದುರ್ನಾತ ಎಲ್ಲಿಂದ ಹುಟ್ಟುತ್ತದೆಂಬುದನ್ನೂ ನೋಡಬೇಕು. ಗಾಜು, ಕಬ್ಬಿಣ, ಇಟ್ಟಿಗೆ ಚೂರು ನಾರುವುದಿಲ್ಲ. ನಾರುವುದು ನಮ್ಮ ಅಡುಗೆಮನೆಗಳ ಹಸಿ ಕಸ. ನಮ್ಮ ನಗರಗಳ ಕಸದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಅದೇ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬೇರೆಲ್ಲದರ ಜೊತೆ ಒತ್ತಿ, ಗಾಳಿಯಾಡದ ಗುಂಡಿಯಲ್ಲಿ ಹೂತಾಗ ಅದು ಗೊಬ್ಬರವಾಗದೆ ಕೊಳೆಯುತ್ತದೆ. ಮೀಥೇನ್ ಅನಿಲ ಏಳುತ್ತದೆ, ಬೆಂಕಿ ಹತ್ತಿಕೊಳ್ಳುತ್ತದೆ, ತಳದಿಂದ ಕಪ್ಪು ಕೊಳೆನೀರು ಒಸರುತ್ತದೆ. ಈ ನೀರು ಇಂಗಬಾರದೆಂದೇ 2016ರ ಘನತ್ಯಾಜ್ಯ ನಿಯಮಗಳು ಕಸ ಹೂಳುವ ಗುಂಡಿಯ ತಳಕ್ಕೆ 90 ಸೆಂ.ಮೀ. ಜೇಡಿಮಣ್ಣು, ಅದರ ಮೇಲೆ 1.5 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆ ಇರಬೇಕೆಂದು ವಿಧಿಸಿದ್ದವು. ನಮ್ಮ ನೆಲದಲ್ಲಿ ಅಂತರ್ಜಲ ಹರಿಯುವುದು ಬಂಡೆಯ ಬಿರುಕುಗಳಲ್ಲಿ. ಕ್ವಾರಿಯೆಂದರೆ ಸಿಡಿಮದ್ದಿಟ್ಟು ಆ ಬಂಡೆಯನ್ನೇ ಒಡೆದ ಜಾಗ. ಕಸ ತುಂಬುವುದಕ್ಕೆ ಅದಕ್ಕಿಂತ ಕೆಟ್ಟ ಜಾಗವನ್ನು ಆರಿಸುವುದು ಕಷ್ಟ.

ಇದೇ ಬೆಂಗಳೂರು ಕಾಂಪೋಸ್ಟ್ ಮಾಡುವ ಒಂದು ಪದ್ಧತಿಗೆ ತನ್ನ ಹೆಸರನ್ನೇ ಕೊಟ್ಟ ಊರು. 1939ರ ಸುಮಾರಿಗೆ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ಊರಿನ ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ಗೊಬ್ಬರ ಮಾಡುವ ಆ ಪದ್ಧತಿಯನ್ನು ರೂಪಿಸಿದರು. ಕೃಷಿ ವಿದ್ಯಾರ್ಥಿಗಳು ಇಂದಿಗೂ ಅದನ್ನು ಬೆಂಗಳೂರು ವಿಧಾನವೆಂದೇ ಓದುತ್ತಾರೆ. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಅದರ ಕೂಡ್ಲು ಬಳಿಯ ಘಟಕದ ಸುತ್ತ ಎಚ್‌ಎಸ್‌ಆರ್ ಬಡಾವಣೆಯೂ ಅಪಾರ್ಟ್‌ಮೆಂಟುಗಳೂ ಬೆಳೆದದ್ದು ಆಮೇಲೆ. ಹಾಗೆ ಆಮೇಲೆ ಬಂದು ನೆಲೆಸಿದವರೇ ಘಟಕ ಮುಚ್ಚಬೇಕೆಂದು ಹೋರಾಟಕ್ಕಿಳಿದರು. ಬೇರ್ಪಡಿಸದ ಕಸ ಬಂದು ಬಿದ್ದರೆ ಯಾವ ಗೊಬ್ಬರದ ಘಟಕವೂ ನಾರುತ್ತದೆ ಎಂಬುದನ್ನು ಒಪ್ಪೋಣ. ಆದರೆ ಬೇರ್ಪಡಿಸಬೇಕಾದವರು ಯಾರು?

ನಮ್ಮ ನಿಜವಾದ ಸಿಟ್ಟಿರುವುದು ಕಟ್ಟಡಗಳ ನಕ್ಷೆಗೆ ಮುದ್ರೆ ಒತ್ತುವ ವ್ಯವಸ್ಥೆಯ ಮೇಲೆ. ಪರಿಸರ ಹೋರಾಟಗಾರ್ತಿ ಆಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರ ಫಲವಾಗಿ 2000ದಲ್ಲಿ ದೇಶಕ್ಕೆ ಘನತ್ಯಾಜ್ಯ ನಿಯಮಗಳು ಬಂದವು. 2016ರ ನಿಯಮಗಳು ಇನ್ನೂ ಮುಂದೆ ಹೋಗಿ, 200ಕ್ಕಿಂತ ಹೆಚ್ಚು ಮನೆಗಳ ಅಥವಾ 5,000 ಚದರ ಮೀಟರಿಗಿಂತ ದೊಡ್ಡ ನಿವೇಶನದ ಸಮುಚ್ಚಯಗಳ ನಕ್ಷೆಯಲ್ಲೇ ಕಸ ಬೇರ್ಪಡಿಸುವ ಜಾಗ ಇರಬೇಕೆಂದವು. ದಿನಕ್ಕೆ 100 ಕಿಲೋ ಮೀರಿ ಕಸ ಮಾಡುವವರನ್ನು ಸಗಟು ಉತ್ಪಾದಕರೆಂದು ಕರೆದವು. ಮನೆಗೆ ಒಂದೇ ಕಿಲೋ ಎಂದು ಹಿಡಿದರೂ ನೂರು ಮನೆಗಳಿಗೆ ಆ ಮಿತಿ ಮುಟ್ಟುತ್ತದೆ. ಹಾಗಿದ್ದೂ ನಾವು ಕಂಡ ಒಂದು ಸಮುಚ್ಚಯದಲ್ಲಿ ಗೊಬ್ಬರದ ಯಂತ್ರ ಬಂದದ್ದು ವಾಸಕ್ಕೆ ಒಪ್ಪಿಗೆ ಕೊಡುವ ಸ್ವಾಧೀನಾನುಭವ ಪತ್ರದ ತಪಾಸಣೆಯ ಹೊತ್ತಿಗೆ. ಆಮೇಲೆ ಅದಕ್ಕೆ ವಿದ್ಯುತ್ ಸಂಪರ್ಕವನ್ನೇ ಕೊಡಲಿಲ್ಲ, ಕಸ ಬೇರ್ಪಡಿಸುವ ಜಾಗದಲ್ಲಿ ಕಾರುಗಳು ನಿಂತಿವೆ. ಕಟ್ಟಡ ಏಳುವಾಗಿನ ಅವಶೇಷದ ಕಥೆಯೂ ಅಷ್ಟೇ. ತಿಂಗಳಿಗೆ 300 ಟನ್ ಮೀರುವ ಕಾಮಗಾರಿಯವರು ಅದನ್ನು ವಿಂಗಡಿಸಿ, ವಿಲೇವಾರಿಯ ಯೋಜನೆಯನ್ನು ಮೊದಲೇ ಸಲ್ಲಿಸಬೇಕೆಂದು 2016ರಲ್ಲೇ ಪ್ರತ್ಯೇಕ ನಿಯಮ ಬಂದಿತ್ತು. ನಮ್ಮ ಕೆರೆಗಳ ಅಂಗಳದಲ್ಲಿ ರಾತ್ರಿ ಬಂದು ಬೀಳುವ ಕಟ್ಟಡದ ಅವಶೇಷ ಆ ಯೋಜನೆಗಳ ಗತಿಯನ್ನು ಹೇಳುತ್ತದೆ. ನೀರು ಎಲ್ಲಿಂದ, ವಿದ್ಯುತ್ ಎಲ್ಲಿಂದ ಎಂದು ಕೇಳುವ ಅಧಿಕಾರಿ, ಈ ಮನೆಗಳ ಕಸ ಯಾವ ಊರಿಗೆ ಹೋಗುತ್ತದೆ, ಆ ಊರಿನವರು ಒಪ್ಪಿದ್ದಾರೆಯೇ ಎಂದು ಒಮ್ಮೆಯಾದರೂ ಕೇಳಿದ್ದರೆ ಬೆಂಗಳೂರು ಇಷ್ಟು ಹಳ್ಳಿಗಳನ್ನು ಕೆಡಿಸುತ್ತಿರಲಿಲ್ಲ.

ನಿಮ್ಮ ಪತ್ರದ ಸ್ಪಷ್ಟತೆ, ಸಂಯಮ ನಮಗೆ ಮೆಚ್ಚಿಗೆಯಾಗಿವೆ. ಇಷ್ಟು ಚೆನ್ನಾಗಿ ವಾದಿಸಬಲ್ಲವರು ಆ ಶಕ್ತಿಯನ್ನು ಮೊದಲು ನಿಮ್ಮ ನಿವಾಸಿಗಳ ಸಂಘದ ಸಭೆಯಲ್ಲಿ ಬಳಸಬೇಕು. ಮಂಜೂರಾದ ನಕ್ಷೆಯ ಪ್ರತಿಯನ್ನು ಕೇಳಿ ಪಡೆಯಿರಿ. ಕಸಕ್ಕೆಂದು ಅದರಲ್ಲಿ ತೋರಿಸಿದ ಜಾಗ ಎಲ್ಲಿದೆ, ಈಗ ಅಲ್ಲಿ ಏನಿದೆ, ದಿನಕ್ಕೆ ಎಷ್ಟು ಕಿಲೋ ಹಸಿ ಕಸ ಗೇಟಿನಿಂದಾಚೆ ಹೋಗುತ್ತದೆ, ಅದನ್ನು ಒಯ್ಯುವ ಲಾರಿ ಎಲ್ಲಿ ಖಾಲಿಯಾಗುತ್ತದೆ ಎಂಬುದನ್ನು ವಿಚಾರಿಸಿ ನಮಗೆ ಬರೆಯಿರಿ. ನೀವು ಬರೆದದ್ದನ್ನು ನಾವು ಪೂರ್ತಿಯಾಗಿ ಅಚ್ಚು ಹಾಕುತ್ತೇವೆ. ಅದರ ಪಕ್ಕದಲ್ಲಿಯೇ ಮಿಟ್ಟಗಾನಹಳ್ಳಿಯ ರೈತರು ಹೇಳುವುದನ್ನೂ ಪ್ರಕಟಿಸುತ್ತೇವೆ.