ವರದಿಯಲ್ಲಿ 10ರ ಕೆಳಗೆ, ಆ್ಯಪ್‌ನಲ್ಲಿ 10ರ ಮೇಲೆ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಆಕೆಗೆ 26 ವರ್ಷ. ಉಡುಪಿ ಹತ್ತಿರದ ಊರು. ಮೊದಲ ಬಸುರು, 32 ವಾರ. ಎತ್ತರ 148 ಸೆಂಟಿಮೀಟರ್. ಸ್ಕ್ಯಾನಿಂಗ್ ವರದಿಯಲ್ಲಿ ಮಗುವಿನ ಅಂದಾಜು ತೂಕ 1,580 ಗ್ರಾಂ, ಪಕ್ಕದಲ್ಲೇ '10ನೇ ಪರ್ಸೆಂಟೈಲ್‌ಗಿಂತ ಕಡಿಮೆ' ಎಂದು ಬರೆದಿತ್ತು. ಗಂಡ ಅದೇ ತೂಕವನ್ನು ಮೊಬೈಲ್ ಆ್ಯಪ್‌ಗೆ ಹಾಕಿದರೆ 10ರ ಮೇಲೆ ಬಂತು. ಅತ್ತೆ ಮಾತ್ರ, "ನಮ್ಮ ಕಡೆ ಮಕ್ಕಳೆಲ್ಲ ಸಣ್ಣವೇ, ಸುಮ್ನೆ ಹೆದರಿಸ್ತಾರೆ" ಅಂದಿದ್ದರು. ಹಾಗೆನ್ನುತ್ತಲೇ ಸೊಸೆಗೆ ಜಾಸ್ತಿ ಗಂಜಿ ಬಡಿಸಲು ಶುರು ಮಾಡಿದ್ದರು!

ಆಕೆ ಕೇಳಿದ್ದು ಬೇರೆ. "ನಾನು ಸರಿಯಾಗಿ ತಿನ್ನಲಿಲ್ಲ, ಅದಕ್ಕೇ ಹೀಗಾಯ್ತು ಅಲ್ವಾ?" ಮೊದಲ ತಿಂಗಳುಗಳಲ್ಲಿ ವಾಂತಿ, ಮೀನಿನ ವಾಸನೆಯೇ ಆಗುತ್ತಿರಲಿಲ್ಲವಂತೆ. ಆ ವಾಂತಿಯಿಂದಲೇ ಹೀಗಾಯಿತು ಅಂತ ಈ ವರದಿ ಎಲ್ಲೂ ಹೇಳಿಲ್ಲ ಎಂದು ಮೊದಲು ತೋರಿಸಿದೆ.

ಪರ್ಸೆಂಟೈಲ್ ಅಂದರೆ ಶಾಲೆಯ ಪ್ರಾರ್ಥನೆಗೆ ಎತ್ತರ ನೋಡಿ ನಿಲ್ಲಿಸಿದ ಸಾಲಿನ ಹಾಗೆ. ನೂರು ಮಕ್ಕಳೂ ಆರೋಗ್ಯವಾಗಿದ್ದರೂ ಮುಂದಿನ ಹತ್ತು ಗಿಡ್ಡ ಮಕ್ಕಳು ಇದ್ದೇ ಇರುತ್ತಾರೆ. '10ರ ಕೆಳಗೆ' ಅಂದರೆ ತೂಕದ ಸಾಲಿನಲ್ಲಿ ಆ ಹತ್ತರೊಳಗೆ ಎಂದಷ್ಟೇ. ಅದು ಯಾವ ಶಾಲೆಯ ಸಾಲು ಅನ್ನೋದನ್ನೂ ಕೇಳಬೇಕು.

ವರದಿಯಲ್ಲಿದ್ದದ್ದು ಹ್ಯಾಡ್‌ಲಾಕ್ ಪಟ್ಟಿ, ಅಂದರೆ ಯಾವ ವಾರಕ್ಕೆ ಹೊಟ್ಟೆಯಲ್ಲಿರುವ ಮಗುವಿನ ತೂಕ ಎಷ್ಟಿರುತ್ತದೆ ಎನ್ನುವ ಪಟ್ಟಿ, 1991ರದ್ದು. ಟೆಕ್ಸಾಸ್‌ನ 392 ಗರ್ಭಿಣಿಯರನ್ನು ನೋಡಿ ಮಾಡಿದ್ದು. ಅವರಲ್ಲಿ ಹೆಚ್ಚಿನವರು ಮಧ್ಯಮ ವರ್ಗದ ಬಿಳಿಯರು. ಆ್ಯಪ್‌ನಲ್ಲಿದ್ದದ್ದು ಇಂಟರ್‌ಗ್ರೋತ್-21 ಎನ್ನುವ ಇನ್ನೊಂದು ಪಟ್ಟಿ. ಅದು ಎಂಟು ದೇಶಗಳದ್ದು, ನಮ್ಮ ನಾಗ್ಪುರವೂ ಸೇರಿದೆ. "ಹಾಗಾದ್ರೆ ಆ್ಯಪೇ ಸರಿ" ಎಂದರು ಗಂಡ. ಅಷ್ಟು ಸುಲಭ ಇಲ್ಲ. ಆ ಅಧ್ಯಯನಕ್ಕೆ ಆರಿಸಿದ್ದು ಉಂಡುಟ್ಟು ಚೆನ್ನಾಗಿದ್ದ, ಕಾಯಿಲೆ ಇಲ್ಲದ, ಕನಿಷ್ಠ 153 ಸೆಂಟಿಮೀಟರ್ ಎತ್ತರದ ಹೆಂಗಸರನ್ನು. ಈಕೆಗೆ ಅಲ್ಲಿ ಜಾಗವೇ ಸಿಗುತ್ತಿರಲಿಲ್ಲ. ತಾಯಿ ಚೆನ್ನಾಗಿದ್ದರೆ ಮಕ್ಕಳು ಎಲ್ಲಿದ್ದರೂ ಹೆಚ್ಚುಕಡಿಮೆ ಒಂದೇ ಥರ ಬೆಳೆಯುತ್ತವೆ ಎನ್ನುವುದು ಅವರ ವಾದ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಹತ್ತು ದೇಶಗಳಿಂದ ತನ್ನ ಪಟ್ಟಿ ತಂದಿತು. ಅಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸ ಕಂಡಿತು. ತಾಯಿಯ ಎತ್ತರ, ತೂಕ, ಎಷ್ಟನೇ ಹೆರಿಗೆ ಎನ್ನುವುದರಿಂದಲೂ ಮಗುವಿನ ತೂಕ ಬದಲಾಗುತ್ತಿತ್ತು. ತಜ್ಞರ ಜಗಳ ಇನ್ನೂ ಮುಗಿದಿಲ್ಲ.

ಕರಾವಳಿಯ ಮಗುವನ್ನು ಟೆಕ್ಸಾಸ್ ಪಟ್ಟಿಯೊಂದರಿಂದಲೇ ಅಳೆಯುವುದು ನನಗೂ ಸರಿ ಕಾಣುವುದಿಲ್ಲ. ಹಾಗಂತ ಅತ್ತೆಯ ಮಾತನ್ನೂ ಒಪ್ಪಲಾರೆ. ನಾವು ಗಿಡ್ಡ ಇರುವುದಕ್ಕೆ ವಂಶ ಒಂದೇ ಕಾರಣವಲ್ಲ, ಅಜ್ಜಿಯಂದಿರ ಕಾಲದ ಅರೆಹೊಟ್ಟೆಯೂ ಇರಬಹುದು. ನಮ್ಮೂರಿಗೆಂದು ಗೆರೆಯನ್ನೇ ಕೆಳಗಿಳಿಸಿದರೆ, ನಿಜವಾಗಿ ಸೊರಗುತ್ತಿರುವ ಮಗು ಕಣ್ಣು ತಪ್ಪಿಸಿಕೊಳ್ಳುತ್ತದೆ.

ನಾನು ಡಾಕ್ಟರ್ ಅಲ್ಲ. ಹಾಗಾಗಿ ಅವರ ಡಾಕ್ಟರನ್ನು ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಟ್ಟೆ. ವಾರದ ಲೆಕ್ಕ ಮೊದಲ ಮೂರು ತಿಂಗಳ ಸ್ಕ್ಯಾನಿನದ್ದೇನಾ? ಈಕೆಯ ಮುಟ್ಟು ಹಿಂದುಮುಂದಾಗುತ್ತಿತ್ತು. ವಾರವೇ ತಪ್ಪಿದರೆ ಯಾವ ಪಟ್ಟಿ ಹಿಡಿದರೂ ತಪ್ಪೇ. ಡಾಪ್ಲರ್‌ನಲ್ಲಿ ಹೊಕ್ಕುಳಬಳ್ಳಿಯ ರಕ್ತದ ಹರಿವು ಹೇಗಿದೆ? ಮಗುವಿನ ಸುತ್ತಲಿನ ನೀರು ಸಾಕಷ್ಟಿದೆಯಾ? ಹಿಂದಿನ ಸ್ಕ್ಯಾನಿನಿಂದ ಮಗು ತನ್ನದೇ ಗೆರೆ ಹಿಡಿದು ಬೆಳೆದಿದೆಯಾ, ಕೆಳಗೆ ಜಾರಿದೆಯಾ? ನನಗೆ ಈ ಕೊನೆಯದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಸ್ಕ್ಯಾನಿನ ತೂಕದಲ್ಲಿ ನೂರಕ್ಕೆ 10–15ರಷ್ಟು ಆಚೀಚೆ ಇರುವುದು ಮಾಮೂಲು. ನಾಳೆಯೇ ಮಣಿಪಾಲ, ನಾಡಿದ್ದು ಮಂಗಳೂರು ಅಂತ ಓಡಿದರೆ ಗೊಂದಲವೇ ಜಾಸ್ತಿ. ಡಾಕ್ಟರು ಹೇಳಿದ ದಿನ, ಅದೇ ಕಡೆ, ಅದೇ ಪಟ್ಟಿಯಲ್ಲಿ ನೋಡಿಸಿ ಎಂದೆ. ಮಗುವಿನ ಒದೆತ ಕಡಿಮೆ ಅನಿಸಿದರೆ, ಜೋರು ತಲೆನೋವು ಬಂದರೆ, ಕಣ್ಣು ಮಂಜಾದರೆ ಮಾತ್ರ ಯಾವ ದಿನಕ್ಕೂ ಕಾಯಬಾರದು.

ಅತ್ತೆಗೆ ಫೋನಿನಲ್ಲಿ ತುಳುವಿನಲ್ಲೇ ಹೇಳಿದೆ. ಗಂಜಿ ಎಷ್ಟು ಸುರಿದರೂ ಎರಡು ವಾರದಲ್ಲಿ ಮಗು ದಪ್ಪ ಆಗುವುದಿಲ್ಲ. ಅದರ ಜೊತೆ ಬೂತಾಯಿ ಮೀನು, ಮೊಟ್ಟೆ, ಹೆಸರುಕಾಳು ಕೊಡಿ. ಕಬ್ಬಿಣದ ಮಾತ್ರೆ ತಪ್ಪಿಸಬೇಡಿ.

ಮೂರು ವಾರದ ನಂತರವೂ ಮಗು 10ರ ಕೆಳಗೇ ಇತ್ತು. ಆದರೆ ಜಾರಿರಲಿಲ್ಲ, ಡಾಪ್ಲರ್ ಚೆನ್ನಾಗಿತ್ತು. ಡಾಕ್ಟರು ಅವಸರ ಮಾಡದೆ ವಾರಕ್ಕೊಮ್ಮೆ ಬರಲು ಹೇಳಿದ್ದಾರೆ. ಹೆರಿಗೆ ಇನ್ನೂ ಆಗಿಲ್ಲ. ದಿನ ಗೊತ್ತು ಮಾಡುವ ಮಾತು 37 ವಾರ ತುಂಬಿದ ಮೇಲೆ.