ಕೆಲಸ ಹೋದದ್ದನ್ನು ಅರ್ಜಿಯಲ್ಲಿ ತಿಳಿಸಬೇಕೇ?

ಮಾನ್ಯರೇ, ಬೆಂಗಳೂರಿನ ಔಷಧ ಕಾರ್ಖಾನೆಯೊಂದು ತನ್ನ ಗುಣಮಟ್ಟ ಪರೀಕ್ಷಾ ವಿಭಾಗವನ್ನೇ ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡು ದಾವಣಗೆರೆಗೆ ಮರಳಿರುವ ತಾವು, ಹೊಸ ಅರ್ಜಿಗಳಲ್ಲಿ ಈ ಸಂಗತಿಯನ್ನು ಮರೆಮಾಚಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ವಿಭಾಗ ಮುಚ್ಚಿದ್ದು ತಮ್ಮ ಸಾಮರ್ಥ್ಯದ ಕೊರತೆಯಿಂದಲ್ಲ. ಒಂದೇ ವಾಕ್ಯದಲ್ಲಿ ನೇರವಾಗಿ ಬರೆಯಿರಿ. ಆದರೆ ಅನುಭವ ಪತ್ರವನ್ನೂ ರಿಲೀವಿಂಗ್ ಪತ್ರವನ್ನೂ ಈಗಲೇ ಪಡೆದುಕೊಳ್ಳಿ, ತಡವಾದರೆ ಸಹಿ ಹಾಕಬೇಕಾದವರೇ ಅಲ್ಲಿ ಇರಲಿಕ್ಕಿಲ್ಲ. ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ತಂತ್ರದಲ್ಲಿ ತಮಗಿರುವ ಅನುಭವವು ಔಷಧಕ್ಕಷ್ಟೇ ಸೀಮಿತವಲ್ಲ, ಆಹಾರದಲ್ಲಿನ ಕೀಟನಾಶಕದ ಶೇಷಾಂಶವನ್ನು ಪರೀಕ್ಷಿಸುವ ಪ್ರಯೋಗಾಲಯಗಳಿಗೂ ಅದು ಬೇಕು. ಪರೀಕ್ಷಾ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 17025ರ ಮಾನ್ಯತೆ ಪಡೆದ ಪ್ರಯೋಗಾಲಯಗಳ ಪಟ್ಟಿಯು, ಅವು ನಡೆಸುವ ಪರೀಕ್ಷೆಗಳ ವಿವರಸಮೇತ, ಈ ಮಾನ್ಯತೆ ನೀಡುವ ಎನ್‌ಎಬಿಎಲ್ ಮಂಡಳಿಯ ಜಾಲತಾಣದಲ್ಲಿ ದೊರೆಯುತ್ತದೆ. ಜಾಹೀರಾತಿಗೆ ಕಾಯದೆ, ತಮಗೆ ಗೊತ್ತಿರುವ ಪರೀಕ್ಷೆಗಳು ನಡೆಯುವಲ್ಲಿಗೆ ತಾವೇ ಬರೆಯಿರಿ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೂ ಇದೆ. ಸಂಸ್ಥೆಯ ಯೋಜನಾ ಹುದ್ದೆಗಳ ಪ್ರಕಟಣೆಗಳನ್ನು ಗಮನಿಸುತ್ತಿರಿ.